ಶೀಶೆಯೊಳಗಿನ ಸೀಗಡಿಯ ಬಣ್ಣ

ಸಮುದ್ರದಲ್ಲಿ ಹೊಸ ಜಾತಿಯ ಸೀಗಡಿಯೊಂದು ಸಿಕ್ಕಿತೆಂದು ಅದನ್ನು ಸ್ಪಿರಿಟ್ ತುಂಬಿದ ಶೀಶೆಯಲ್ಲಿ ಇಟ್ಟಿದ್ದರು. ಸೂಕ್ಷ್ಮದರ್ಶಕವು ಇಣುಕಿ ನೋಡಿ, "ಬಣ್ಣ ಬಿಳಿ" ಎಂದು ಲೇಖನಿಯಿಂದ ಬರೆಸಿತು.

"ಸ್ವಾಮಿ, ನಾನು ಕೆಂಪಗಿದ್ದೆ. ನನ್ನ ಬಣ್ಣ ತಿಂದಿದ್ದು ಈ ಸ್ಪಿರಿಟ್ಟು. ಎಷ್ಟು ಸಲ ಹೇಳಲಿ?" ಎಂದಿತು ಸೀಗಡಿ.

"ನಾನು ಕಂಡದ್ದನ್ನಷ್ಟೇ ಬರೆಸುವುದು."

ಮರುದಿನ ಬಕೆಟ್ಟಿನಲ್ಲಿ ಕೆಂಪು ಸೀಗಡಿಯೊಂದು ಜೀವಂತವಾಗಿಯೇ ಬಂತು.

"ನೋಡಿ, ನನ್ನ ಒಡಹುಟ್ಟಿದ ತಂಗಿ! ಈಗಲಾದರೂ ತಿದ್ದಿ!"

"ನಿನ್ನ ಜಾತಿ ಬಿಳಿ ಎಂದು ಬರೆದಾಗಿದೆ. ಇದು ಕೆಂಪು. ಹಾಗಾದರೆ ಇದು ಇನ್ನೊಂದು ಹೊಸ ಜಾತಿ. ಸ್ಪಿರಿಟ್ಟಿಗೆ ಹಾಕಿ!"

ಸೀಗಡಿ ಗಾಜಿಗೆ ತಲೆ ಚಚ್ಚಿಕೊಂಡಿತು.

ವಾರದೊಳಗೆ ತಂಗಿಯೂ ಬೆಳ್ಳಗಾದಳು. ಸೂಕ್ಷ್ಮದರ್ಶಕವು ಎರಡೂ ಶೀಶೆಗಳನ್ನು ನೋಡಿ, ನಿಟ್ಟುಸಿರಿಟ್ಟು ಬರೆಸಿತು: "ಕೆಂಪು ಜಾತಿ ಅಳಿದುಹೋಗಿದೆ."