ತಣ್ಣೊಲೆ ಗುಡ್ಡ

ದುರ್ಗದ ಸೀಮೆಯ ಮೂಡಣ ಅಂಚಿನಲ್ಲಿ, ಮಳೆ ದಾರಿ ತಪ್ಪಿದಾಗ ಮಾತ್ರ ಬಂದುಹೋಗುವ ಬಯಲಿನ ನಡುವೆ, ಬೋಳುಬಂಡೆಯ ಗುಡ್ಡವೊಂದಿದೆ. ಸುತ್ತ ಹರಿದಾರಿಗಟ್ಟಲೆ ಹುಲ್ಲುಗಾವಲು. ಮಾಘ ಕಳೆಯುವಷ್ಟರಲ್ಲಿ ಆ ಹುಲ್ಲು ಒಣಗಿ ಕರಡವಾಗುತ್ತದೆ. ಚೈತ್ರದ ಗಾಳಿ ಅದರ ಮೇಲೆ ಹಾಯ್ದರೆ ಯಾರೋ ಕಾಗದ ಹರಿಯುತ್ತಿರುವಂತೆ ಕೇಳಿಸುತ್ತದೆ. ಅರಣ್ಯ ಇಲಾಖೆಯವರು ವರ್ಷ ವರ್ಷವೂ ಶಿವರಾತ್ರಿಗೆ ಮುನ್ನ ಗುಡ್ಡದ ಬುಡದ ಹುಲ್ಲು ಸವರಿ ಬೆಂಕಿರೇಖೆ ತೆಗೆಯುತ್ತಾರೆ. ನೆತ್ತಿಯ ಮೇಲೆ ಗುಡಿಯಿಲ್ಲ, ವಿಗ್ರಹವಿಲ್ಲ. ಮೂರು ಗುಂಡುಕಲ್ಲಿನ ಒಂದು ಒಲೆ ಮಾತ್ರ. ಅದಕ್ಕೆ ಎಳ್ಳಷ್ಟೂ ಮಸಿ ಇಲ್ಲದಿರುವುದು ಪವಾಡವೆಂದು ಸುತ್ತಲಿನವರು ಹೇಳುತ್ತಾರೆ. ನಾಲ್ಕಾರು ತಲೆಮಾರಿನ ಮಳೆ, ಅದೆಷ್ಟೇ ವಿರಳವಾಗಿರಲಿ, ಯಾವ ಮಸಿಯನ್ನಾದರೂ ತೊಳೆದೀತು. ಆದರೆ ಆ ಒಲೆಗೆ ತಣ್ಣೊಲೆಯೆಂಬ ಹೆಸರು ಬಂದ ಬಗೆಯನ್ನು ಮಳೆಯ ಲೆಕ್ಕದಿಂದ ಬಿಡಿಸಲಾಗದು.

ಹಿಂದೆ ಒಮ್ಮೆ, ಈ ಗುಡ್ಡದ ಪಡುವಣ ಮಗ್ಗುಲಿಗೆ ನಲವತ್ತು ಗುಡಿಸಲುಗಳ ಕುರಿಗಾರರ ಹಟ್ಟಿಯಿತ್ತಂತೆ. ಸುತ್ತ ಕಾರೆಮುಳ್ಳಿನ ಬೇಲಿ, ಮೇಲೆ ಕರಡದ ಸೂರು; ಒಂದು ಕಿಡಿ ಸಾಕಿತ್ತು. ಆದ್ದರಿಂದ ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಹಟ್ಟಿಯೊಳಗೆ ಯಾರೂ ಒಲೆ ಹೊತ್ತಿಸಕೂಡದೆಂಬ ಕಟ್ಟಳೆಯಿತ್ತು. ಸುಡಲು ಕಡ್ಡಿಯೂ ಇಲ್ಲದ ಗುಡ್ಡದ ನೆತ್ತಿಯಲ್ಲಿ ಎಲ್ಲರಿಗೂ ಒಂದೇ ಒಲೆ. ನಸುಕಿನಲ್ಲಿ ಹೆಂಗಸರು ಸರದಿಯಂತೆ ಹತ್ತಿ, ಹಿಟ್ಟು ಬೇಯಿಸಿಕೊಂಡು, ಗಾಳಿ ಏಳುವ ಮೊದಲೇ ಇಳಿಯುತ್ತಿದ್ದರು. ಬಳಿಕ ಮರುದಿನಕ್ಕೆಂದು ನಾಲ್ಕು ಕೆಂಡವನ್ನು ಎತ್ತಿಟ್ಟು, ಒಲೆಗೆ ನೀರು ಹೊಯ್ದು, ಆ ಕೆಂಡವನ್ನು ಬೂದಿಯಲ್ಲಿ ಮುಚ್ಚಿ ಗಡಿಗೆಯಲ್ಲಿಟ್ಟು ಕಾಯುವ ಹೊಣೆ ಬೊಮ್ಮಕ್ಕನೆಂಬ ವಿಧವೆಯದು. ಇಪ್ಪತ್ತು ಬೇಸಿಗೆ ಆಕೆ ಆ ಗಡಿಗೆಯನ್ನು ಕಾದಿದ್ದಳು. ಕೆಂಡವನ್ನು ಬರಿಗೈಯಲ್ಲಿ ಎತ್ತಿಡುವ ಅವಳನ್ನು ಕಂಡು, ಬೆಂಕಿಯೂ ಬೊಮ್ಮಕ್ಕನ ಕೈಗೆ ಹೆದರುತ್ತದೆ ಎನ್ನುತ್ತಿದ್ದರು. ಅವಳ ಕೈಯಿಂದ ಕೆಂಡ ಇಸ್ಕೊಳ್ಳೋದಕ್ಕಿಂತ ತೋಳನ ಬಾಯಿಂದ ಮರಿ ಇಸ್ಕೊಳ್ಳೋದು ಸಲೀಸು ಎಂದು ಗಂಡಸರು ನಗುತ್ತಿದ್ದರು. ಆ ಮಾತು ಅವಳಿಗೆ ಒಳಗೊಳಗೇ ಹಿತವಾಗಿತ್ತು.

ಒಂದು ಬೇಸಿಗೆಯಲ್ಲಿ ದ್ಯಾಮಕ್ಕನೆಂಬವಳ ಸೊಸೆ ಹೆತ್ತು ಮೂರು ದಿನವಾಗಿತ್ತು. ಬಾಣಂತಿ ನಡುಗುತ್ತಿದ್ದಾಳೆ, ಬೆನ್ನು ಕಾಯಿಸಲು ಎರಡು ಕೆಂಡ ಕೊಡು ಎಂದು ದ್ಯಾಮಕ್ಕ ಉರಿಬಿಸಿಲಲ್ಲಿ ಗುಡ್ಡ ಹತ್ತಿ ಬಂದಳು. ಬೊಮ್ಮಕ್ಕ ಕೊಡಲಿಲ್ಲ. ಇಂಥ ಬಿಸಿಲಿರುವಾಗ ಬೆಂಕಿ ಏಕೆ, ಹೊರಗೆ ತಂದು ಮಲಗಿಸು ಎಂದಳು. ದ್ಯಾಮಕ್ಕ ಜಗಳವಾಡದೆ ಇಳಿದುಹೋದಳು. ಐದನೆಯ ದಿನ ಸೊಸೆ ತೀರಿಕೊಂಡಳು. ಎರಡು ಕೆಂಡ ಅವಳನ್ನು ಉಳಿಸುತ್ತಿದ್ದವೆಂದು ಹೇಳಲು ಯಾರಿಂದಲೂ ಆಗದು. ಹಟ್ಟಿಯ ಹಿರಿಯರು ಬೊಮ್ಮಕ್ಕ ಮಾಡಿದ್ದೇ ಸರಿಯೆಂದರು. ದ್ಯಾಮಕ್ಕ ಮತ್ತು ಅವಳ ಮಗ ಕಾಟಯ್ಯ ಆ ಹಸುಗೂಸಿಗೆ ಆಡಿನ ಹಾಲು ಕುಡಿಸಿ ಸಾಕಿದರು.

ಮರುವರ್ಷ ಬೊಮ್ಮಕ್ಕನ ಒಬ್ಬಳೇ ಮಗಳು ಸಿರಿಯವ್ವ ಹೆರಿಗೆಗೆ ತವರಿಗೆ ಬಂದಳು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ, ಇದು ಮೂರನೆಯದು. ಹೆತ್ತ ನಾಲ್ಕನೆಯ ದಿನ, ಬಂಡೆಯ ಮೇಲೆ ಓತಿಕ್ಯಾತವೂ ಕಾಲೂರದ ನಡುಹಗಲಿನಲ್ಲಿ, ಅವಳ ಹಲ್ಲು ಕಟಕಟ ಕಡಿಯತೊಡಗಿತು. ಬೊಮ್ಮಕ್ಕ ಕಂಬಳಿ ಹೊದಿಸಿದಳು. ಇನ್ನೊಂದು ಹೊದಿಸಿದಳು. ಮಗಳನ್ನು ಬಿಸಿಲಿಗೆ ತಂದು ಮಲಗಿಸಿಯೂ ನೋಡಿದಳು. ಹಿಂದಿನ ವರ್ಷ ತಾನು ಆಡಿದ ಮಾತು ಎಷ್ಟು ಟೊಳ್ಳೆಂಬುದು ಆಗ ತಿಳಿಯಿತು. ಗುಡ್ಡಕ್ಕೆ ಹೋಗಿ ಗಡಿಗೆಯನ್ನು ಸೆರಗಿನಡಿ ಅವಿಸಿಕೊಂಡು ಇಳಿದಳು.

ಬೇಲಿಯ ಬಾಗಿಲಲ್ಲಿ ದ್ಯಾಮಕ್ಕ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಉಣ್ಣೆ ಹಿಂಜುತ್ತಿದ್ದಳು.

"ಸೆರಗಿನಾಗೆ ಏನೈತೆ ಬೊಮ್ಮಕ್ಕ? ಹೊಗೆ ಬರ್ತೈತೆ."

ಬೊಮ್ಮಕ್ಕ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ದ್ಯಾಮಕ್ಕ ಅವಳ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಉಣ್ಣೆಗೆ ಕೈ ಹಾಕಿದಳು.

"ಹೋಗು. ಹುಡುಗಿ ನಡುಗ್ತಾ ಅವಳೆ. ನಾನೇನೂ ಕಂಡಿಲ್ಲ."

ಬೆನ್ನಿಗೂ ಪಾದಕ್ಕೂ ಕಾವು ತಾಗಿದ ಮೇಲೆ ಸಿರಿಯವ್ವನ ನಡುಕ ನಿಂತು, ಮೈ ಬೆವರಿ, ನಿದ್ದೆ ಹತ್ತಿತು. ಬೊಮ್ಮಕ್ಕ ಉಳಿದ ಬೂದಿಯನ್ನು ಹಿತ್ತಲ ತಿಪ್ಪೆಗೆ ಸುರಿದು, ಅಂಗೈಯಿಂದ ಒತ್ತಿ ನೋಡಿದಳು. ತಣ್ಣಗಿತ್ತು. ಮತ್ತೊಮ್ಮೆ ಒತ್ತಿದಳು, ಆಗಲೂ ತಣ್ಣಗೇ ಇತ್ತು. ಇಪ್ಪತ್ತು ಬೇಸಿಗೆ ಕೆಂಡ ಎತ್ತಿ ಎತ್ತಿ ಆ ಅಂಗೈ ಕೊರಡಾಗಿದೆ, ಬಿಸಿಯನ್ನು ತಿಳಿಯುವ ಶಕ್ತಿ ಅದಕ್ಕೆ ಎಂದೋ ಹೋಗಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪರರ ಕೈಯಾಗಿದ್ದರೆ ಸುಟ್ಟುಕೊಂಡು ಎಚ್ಚರಿಸುತ್ತಿತ್ತು.

ಪಡುವಣ ಗಾಳಿ ಎದ್ದಾಗ ತಿಪ್ಪೆಯ ಕಿಡಿ ಬೇಲಿ ದಾಟಿ ಹುಲ್ಲುಗಾವಲಿಗೆ ಬಿತ್ತು. ಗಾಳಿ ಹಟ್ಟಿಯ ಕಡೆ ತಿರುಗಲಿಲ್ಲ. ಬೆಂಕಿ ಗುಡ್ಡವನ್ನು ಬಳಸಿ ಮೂಡಣಕ್ಕೆ, ಕುರಿ ಮೇಯುತ್ತಿದ್ದ ಕಡೆಗೇ ನುಗ್ಗಿತು. ಕಾಟಯ್ಯ ಹಿಂಡನ್ನು ಬರಿಬಂಡೆಯ ಮೇಲೆ ಹತ್ತಿಸಿದ. ಹಿಂದುಳಿದ ಮರಿಗಳಿಗಾಗಿ ಇಳಿದವನು ಮರಳಲಿಲ್ಲ.

ಬೆಂಕಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಕಲ್ಲಿಗೆ ಕಲ್ಲು ಉರುಳಿ ಕಿಡಿ ಹಾರಿರಬೇಕು ಎಂದರು ಕೆಲವರು. ದೇವರ ಮುನಿಸೆಂದರು ಹಲವರು. ತಿಳಿದಿದ್ದವಳು ದ್ಯಾಮಕ್ಕ ಒಬ್ಬಳೇ, ಅವಳು ಬಾಯಿ ಬಿಡಲಿಲ್ಲ. ಇಂದು ಹೇಳಿಯಾಳು, ನಾಳೆ ಹೇಳಿಯಾಳು ಎಂದು ಬೊಮ್ಮಕ್ಕ ಮೂರು ದಿನ ಕಾದಳು. ಆ ಮೌನವನ್ನು ಹೊರಲಾರದೆ ನಾಲ್ಕನೆಯ ದಿನ ಹಿರಿಯರ ಮುಂದೆ ನಿಂತು ತಾನೇ ಎಲ್ಲವನ್ನೂ ಹೇಳಿದಳು. ಶಿಕ್ಷೆ ಏನೆಂಬುದನ್ನು ಮಗ ಸತ್ತವಳೇ ಹೇಳಲಿ ಎಂದರು ಹಿರಿಯರು. ದ್ಯಾಮಕ್ಕ ತಾಯಿಯೂ ತಂದೆಯೂ ಇಲ್ಲದ ಮೊಮ್ಮಗುವನ್ನು ಹೆಗಲಿಗೆ ಏರಿಸಿಕೊಂಡು ಎದ್ದಳು.

"ಹೋದ ವರ್ಷ ಕೊಟ್ಟಿದ್ರೆ ಹೋದ ವರ್ಷವೇ ಉರೀತಿತ್ತು ಬೊಮ್ಮಕ್ಕ. ಅಷ್ಟೇ."

ಅದು ಕ್ಷಮೆಯೋ ಶಾಪವೋ, ಈ ಕಥೆ ಹೇಳುವವರಲ್ಲಿ ಇಂದಿಗೂ ಒಮ್ಮತವಿಲ್ಲ. ಬೊಮ್ಮಕ್ಕ ಗುಡ್ಡ ಹತ್ತಿ ಒಲೆಗೆ ಒಂದು ಕೊಡ ನೀರು ಸುರಿದಳು. ಮತ್ತೆಂದೂ ಅದನ್ನು ಹೊತ್ತಿಸಲಿಲ್ಲ. ಮೇವು ಸುಟ್ಟುಹೋದ ನೆಲ ಬಿಟ್ಟು ಹಟ್ಟಿ ಬೇರೆಡೆಗೆ ಹೊರಟಾಗಲೂ ಅವಳು ಇಳಿಯಲಿಲ್ಲ. ನೆನೆಸಿದ ಹಿಟ್ಟು ತಿಂದು ಅಲ್ಲಿಯೇ ಸವೆದಳು, ದಿನಕ್ಕೊಂದು ಕೊಡ ನೀರನ್ನು ಆ ಒಲೆಗೆ ಹೊಯ್ಯುತ್ತಿದ್ದಳು ಎನ್ನುತ್ತಾರೆ. ದ್ಯಾಮಕ್ಕನೂ ಹಟ್ಟಿಯೊಂದಿಗೆ ಹೋಗದೆ, ಬುಡದಲ್ಲಿ ಮೊಮ್ಮಗುವಿನೊಡನೆ ಉಳಿದು, ಎರಡನೆಯ ಕೊಡ ಹೊತ್ತು ತರುತ್ತಿದ್ದಳೆಂದೂ ಹೇಳುತ್ತಾರೆ. ಕುಡಿಯಲೇ ನೀರಿಲ್ಲದ ಸೀಮೆಯಲ್ಲಿ ಇದನ್ನು ನಂಬುವುದು ಕಷ್ಟ. ಆದರೆ ಒಲೆಯ ಪಕ್ಕದ ಬಂಡೆಯಲ್ಲಿ ಕೊಡ ಇಟ್ಟು ಎತ್ತಿ ಸವೆದಂಥ ಎರಡು ಗುಳಿಗಳಿವೆ, ಒಂದಕ್ಕೊಂದು ಅಂಟಿದಂತೆ.

ಈಗಲೂ ಬೇಸಿಗೆಯಲ್ಲಿ ಮನೆಯಲ್ಲೊಂದು ಹೆರಿಗೆಯಾದರೆ, ಬಾಣಂತಿಯ ತಾಯಿ ನೆರೆಯ ಹೆಂಗಸರೊಡನೆ ಒಂದು ಕೊಡ ನೀರು ಹೊತ್ತು ತಣ್ಣೊಲೆ ಗುಡ್ಡ ಹತ್ತುತ್ತಾಳೆ. ಗುಳಿಯಲ್ಲಿ ಕೊಡವಿಟ್ಟು ದಣಿವಾರಿಸಿಕೊಂಡು, ನೀರನ್ನು ಆ ಮೂರು ಕಲ್ಲುಗಳ ನಡುವೆ ಸುರಿಯುತ್ತಾಳೆ. ಸುರಿದೊಡನೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಕೆಂಡಕ್ಕೆ ನೀರು ಬಿದ್ದಾಗ ಸರಿಯುವಂತೆ. ಚುಂಯ್ ಎಂಬ ಸದ್ದು ಬರುವುದಿಲ್ಲ. ಬಾರದೆಂದು ಎಲ್ಲರಿಗೂ ಗೊತ್ತು. ಆದರೂ ಸುರಿದವಳು ಬಗ್ಗಿ, ತನ್ನ ಅಂಗೈಯನ್ನು ನಂಬದೆ, ಪಕ್ಕದಲ್ಲಿ ನಿಂತವಳ ಕೈ ಹಿಡಿದು ಆ ಕಲ್ಲಿಗೆ ಮುಟ್ಟಿಸಿ, ತಣ್ಣಗಿದೆಯೇ ಎಂದು ಕೇಳುತ್ತಾಳೆ.