ಎಡಗೈ ಗಿಟಾರಿನ ಹೊಸ ಕುದುರೆ

“ಅಜ್ಜಾರ, ಗುರು ಕೊಟ್ಟದ್ದನ್ನ ಶಿಷ್ಯರು ಬದಲು ಮಾಡಬಹುದೇನ್ರೀ?”

ಹೀಗೆಂದು ನೀಲಗಂಗಾ ಕೇಳಿದಳು. ವಾದ್ಯಗಳ ದುರಸ್ತಿ ಕಲಿಯಲು ಗದಗಿನ ನನ್ನ ಅಂಗಡಿಗೆ ಬಂದವಳು. ನಾನು ಯಾರನ್ನೂ ಸುಮ್ಮನೆ ಶಿಷ್ಯರೆಂದು ಸೇರಿಸಿಕೊಳ್ಳುವವನಲ್ಲ. ಇವಳು ಬಂದ ದಿನ ಒಡೆದ ತಂಬೂರಿಯ ಬುರುಡೆಯೊಂದನ್ನು ಮುಂದಿಟ್ಟು, ಇದಕ್ಕೆ ಏನಾಗಿದೆ ಹೇಳು ಎಂದಿದ್ದೆ. ಅವಳು ತಿರುವಿ ನೋಡಿ, “ಯಾರೋ ಇದರ ಮ್ಯಾಲೆ ಕುಂತಾರ್ರಿ” ಎಂದಳು. ಕುಂತವನು ನಾನೇ. ಅವತ್ತೇ ಸೇರಿಸಿಕೊಂಡೆ.

ಈಗ ಅವಳ ತೊಡೆಯ ಮೇಲೆ ಒಂದು ಉಳಿ ಇತ್ತು. ಅದು ನನ್ನದು. ಆ ಉಳಿಯನ್ನು ಕಣ್ಣಿಗೊತ್ತಿಕೊಳ್ಳದೆ ನಾನು ಒಂದು ದಿನವೂ ಕೆಲಸ ಮುಟ್ಟಿದವನಲ್ಲ. ಹೋದ ಖಂಡೇನವಮಿಯಂದು ಪೂಜೆಗಿಟ್ಟು, ಕುಂಕುಮ ಹಚ್ಚಿ, ಅವಳ ಕೈಗೆ ಕೊಟ್ಟಿದ್ದೆ. ಇವತ್ತು ಅವಳು ಅಂಗೈಗೆ ಅರಿವೆ ಸುತ್ತಿಕೊಂಡಿದ್ದಳು. ಏನನ್ನು ಬದಲು ಮಾಡಬೇಕು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

“ಒಂದು ಕತಿ ಹೇಳತೀನಿ, ಕೇಳು” ಎಂದೆ.

“ಖರೇ ಕತೀನೋ, ನಿಮ್ಮ ಕತೀನೋ?”

“ನನ್ನ ಕತಿ ಎಲ್ಲಾ ಖರೇನ. ನಾ ಸಾಲಿ ಕಟ್ಟಿ ಹತ್ತಿದವಲ್ಲ. ಸುಳ್ಳ ಹೇಳಾಕ ನನಗ ಕಲಿಸಿದವರ ಯಾರು?”

ಸಾಲಿ ಕಟ್ಟಿಯನ್ನು ಒಂದು ಸಲ ಹತ್ತಿದ್ದುಂಟು, ಅಲ್ಲಿನ ಹಾರ್ಮೋನಿಯಂ ರಿಪೇರಿಗೆ. ಅದಾದ ಮೇಲೆ ಆ ಮಕ್ಕಳ ಬೆಳಗಿನ ಪ್ರಾರ್ಥನೆ ಬೆಟಗೇರಿಯವರೆಗೆ ಕೇಳಿಸುತ್ತಿತ್ತು. ಅದಿರಲಿ. ಕತೆ ಹೀಗಿದೆ.

ಒಂದೂರಿನಲ್ಲಿ ಒಬ್ಬ ವಾದಕನಿದ್ದ. ಮದುವೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಕರೆಂಟಿನ ಗಿಟಾರ್. ಅವನು ಎಡಗೈಯವನು. ಉಳಿದವರ ಗಿಟಾರನ್ನು ಅವನ ಕೈಗೆ ಕೊಟ್ಟರೆ ಎಲ್ಲ ತಿರುವುಮುರುವಾಗುತ್ತಿತ್ತು. ಅವನಿಗೆ ವಿದ್ಯೆ ಕಲಿಸಿದ ಒಬ್ಬ ಮಾಸ್ತರ ಪಾಠ ಶುರು ಮಾಡುವ ಮೊದಲೇ ಎಲ್ಲಿಂದಲೋ ಒಂದು ಎಡಗೈ ಗಿಟಾರ್ ತಂದುಕೊಟ್ಟ. ಕಪ್ಪು ಬಣ್ಣದ್ದು. “ನಿನ್ನ ಕೈಗಂತನ ಹುಟ್ಟೇತಿ ಇದು, ತಗೋ” ಎಂದ.

ಆ ಮಾಸ್ತರನದು ಒಂದು ವಿಚಿತ್ರ ಪದ್ಧತಿ. ಪಾಠ ಹೇಳುವಾಗ ಅವನು ಗಿಟಾರನ್ನು ಮುಟ್ಟುತ್ತಿರಲಿಲ್ಲ. ಬಾಯಲ್ಲಿ ಹಾಡಿ ತೋರಿಸುತ್ತಿದ್ದ. ಶಿಷ್ಯ ಅದನ್ನು ತಂತಿಯ ಮೇಲೆ ಹುಡುಕಬೇಕು. ಮೊದಲೆಲ್ಲ ಮಾಸ್ತರ ನುಡಿಸಿದರೆ ಟಾಂಗಾದ ಕುದುರೆಗಳು ನಡೆಯುವುದನ್ನು ಬಿಟ್ಟು ನಿಂತುಬಿಡುತ್ತಿದ್ದವು ಎಂದು ಊರವರು ಹೇಳುತ್ತಿದ್ದರು. ಶಿಷ್ಯನಿಗೆ ಆ ಭಾಗ್ಯ ಬರಲಿಲ್ಲ. ಒಮ್ಮೆ ನುಡಿಸಿ ತೋರಿಸಿರಿ ಎಂದು ಎಷ್ಟೋ ಸಲ ಬೇಡಿದ. ಮಾಸ್ತರ ನಗುತ್ತಿದ್ದ, ಮತ್ತೆ ಹಾಡುತ್ತಿದ್ದ. ನಿಮ್ಮ ಗಿಟಾರ್ ಎಲ್ಲಿ ಎಂದರೆ, “ಕೊಟ್ಟಬಿಟ್ಟೆ” ಎನ್ನುತ್ತಿದ್ದ. ದೊಡ್ಡವರಿಗೆ ಒಂದಿಷ್ಟು ಬಿಗುಮಾನ ಇರುತ್ತದೆ ಎಂದುಕೊಂಡು ಶಿಷ್ಯ ಕೇಳುವುದನ್ನು ಬಿಟ್ಟ. ಮುಂದೆ ಮಾಸ್ತರ ತೀರಿಕೊಂಡ. ಗಿಟಾರ್ ಉಳಿಯಿತು.

ಗಿಟಾರಿಗೆ ಇದ್ದದ್ದು ಒಂದೇ ದೋಷ. ಅದರ ಶ್ರುತಿ ನಿಲ್ಲುತ್ತಿರಲಿಲ್ಲ. ತಂತಿಯನ್ನು ಸ್ವಲ್ಪ ಜಗ್ಗಿ ನುಡಿಸಿದರೆ ಸಾಕು, ಇಳಿಯುತ್ತಿತ್ತು. ವರ್ಷ ಹೋದಂತೆ ಅದು ಹೆಚ್ಚಾಯಿತು. ಒಂದು ಮದುವೆಯಲ್ಲಿ ಶ್ರುತಿ ಇಳಿದ ಹಾಗೆಲ್ಲ ಹಾಡುವವಳೂ ಅದರ ಬೆನ್ನು ಹತ್ತಿ ಇಳಿದಳು. ಹಾಡು ಮುಗಿಯುವಷ್ಟರಲ್ಲಿ ಅವಳ ದನಿ ಗಂಡು ದನಿಯಾಗಿತ್ತು. ಮದುಮಗ ಬಾಸಿಂಗ ಹಿಡಿದುಕೊಂಡು ಎದ್ದು ನಿಂತು, ಹಾಡುತ್ತಿರುವವರು ಯಾರು ಎಂದು ನೋಡಿದ.

ಆರ್ಕೆಸ್ಟ್ರಾದ ಯಜಮಾನ ವಾದಕನನ್ನು ಕರೆದ. “ಗಿಟಾರ್ ಬದಲು ಮಾಡು. ಇಲ್ಲಾಂದ್ರ ನಾ ನಿನ್ನ ಬದಲು ಮಾಡತೀನಿ” ಎಂದ.

ವಾದಕ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ಬಡಿಗನ ಬಳಿಗೆ ಹೋದ. ಬಡಿಗನೆಂದರೆ ಅಂಥಿಂಥ ಬಡಿಗನಲ್ಲ. ಹಲಗೆಗೆ ಬೆರಳಿನಿಂದ ತಟ್ಟಿದರೆ ಆ ಮರ ಯಾವ ಗುಡ್ಡದಲ್ಲಿ ಬೆಳೆದದ್ದು, ಅದರ ಮೇಲೆ ಯಾವ ಹಕ್ಕಿ ಗೂಡು ಕಟ್ಟಿತ್ತು ಎಂದು ಹೇಳುತ್ತಿದ್ದ. ಅವನು ಮಾಡಿದ ಕೊಳಲನ್ನು ಕಿಟಕಿಯಲ್ಲಿಟ್ಟರೆ ಗಾಳಿಯೇ ಬಂದು ಭೂಪಾಲಿ ನುಡಿಸಿ ಹೋಗುತ್ತಿತ್ತು.

“ಆ ಬಡಿಗ ನೀವ ಏನ್ರೀ?” ಎಂದು ನೀಲಗಂಗಾ ನಡುವೆ ಬಾಯಿ ಹಾಕಿದಳು.

“ಯಾರಾದ್ರೇನು? ನೋಡಾಕ ಮಾತ್ರ ಭಾಳ ಚಂದಿದ್ದ” ಎಂದು ಮುಂದುವರಿಸಿದೆ.

ಗಿಟಾರಿನ ತಂತಿಗಳು ಮೈಯ ಮೇಲೆ ಒಂದು ಲೋಹದ ಪಟ್ಟಿಗೆ ಒರಗಿರುತ್ತವೆ. ಅದಕ್ಕೆ ಕುದುರೆ ಎನ್ನುತ್ತಾರೆ. ಆ ಗಿಟಾರಿನ ಕುದುರೆ ಎರಡು ಗಿಡ್ಡ ಕಂಬಗಳ ಮೇಲೆ ನಿಂತಿತ್ತು. ಬಡಿಗ ಬಗ್ಗಿ ನೋಡಿದ. ತಂತಿಗಳ ಎಳೆತಕ್ಕೆ ಕಂಬಗಳು ಮುಂದಕ್ಕೆ ವಾಲಿದ್ದವು.

“ಈ ಕುದುರಿ ಇನ್ನ ನಡಿಯಂಗಿಲ್ಲ” ಎಂದ. “ಬ್ಯಾರೇದು ಕೂಡಿಸಬೇಕು. ಅದಕ್ಕ ಹಿಂದ ಸ್ಪ್ರಿಂಗ್ ಇರತಾವ. ತಂತಿ ಮುಂದಕ್ಕ ಜಗ್ಗತಾವ, ಸ್ಪ್ರಿಂಗ್ ಹಿಂದಕ್ಕ ಜಗ್ಗತಾವ. ನೀ ಎಷ್ಟ ಅಳ್ಳಾಡಿಸಿದ್ರೂ ಕುದುರಿ ತಿರುಗಿ ತನ್ನ ಜಾಗಕ್ಕ ಬಂದ ನಿಲ್ಲತೈತಿ. ಆದ್ರ ಒಂದು ಮಾತು. ಗಿಟಾರಿನ ಮೈ ಕೊರೀಬೇಕು. ನನ್ನ ಮುಷ್ಟಿ ಹಿಡಿಯೂ ಅಷ್ಟು.”

ವಾದಕ ಗಿಟಾರನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡ. “ಇದು ನನ್ನ ಗುರು ಕೊಟ್ಟದ್ದು. ಕೊಟ್ಟಾಗ ಹೆಂಗಿತ್ತೋ ಹಂಗ ಇರಬೇಕು. ಒಂದ ಗೀರೂ ಬೀಳಬಾರದು.”

“ಹಂಗಾರ ಹಾರ ಹಾಕಿ ಗ್ವಾಡಿಗೆ ತೂಗಹಾಕು” ಎಂದ ಬಡಿಗ. “ನಿಮ್ಮ ಮಾಸ್ತರನ ಫೋಟೋದ ಬಾಜೂಕ. ಇಬ್ಬರೂ ಸುಮ್ಮನ ಇರತಾರ.”

ಬಡಿಗ ಹೇಳಿದ್ದು ಕುಹಕಕ್ಕೆ. ವಾದಕ ಮನೆಗೆ ಹೋಗಿ ಹಾಗೆಯೇ ಮಾಡಿದ. ಗೋಡೆಗೆ ಮೊಳೆ ಹೊಡೆದು ಗಿಟಾರನ್ನು ತೂಗುಹಾಕಿ, ಸೇವಂತಿಗೆ ಹಾರ ಹಾಕಿದ. ಯಜಮಾನ ಬೇರೊಂದು ಗಿಟಾರ್ ಕೊಡಿಸಿದ. ಅದು ಬಲಗೈಯವರದು. ವಾದಕನ ಬೆರಳುಗಳು ಅದರ ಮೇಲೆ ಪರವೂರಿನಲ್ಲಿ ದಾರಿ ತಪ್ಪಿದವರಂತೆ ತಿರುಗಿದವು. ಯಜಮಾನ ತಲೆಯಾಡಿಸಿ, ಮುಂದಿನ ಮದುವೆಗೆ ಬೇರೆಯವನನ್ನು ಕರೆಯುತ್ತೇನೆ ಎಂದ. ವಾದಕ ಮನೆಯಲ್ಲಿ ಕೂತ. ಎದುರಿಗೆ ಗೋಡೆ. ಹಾರ ಬಾಡಿತು. ದಿನವೂ ಗಿಟಾರಿನ ಧೂಳು ಒರೆಸುತ್ತಿದ್ದ. ಒರೆಸುವಾಗ ತಂತಿಗಳು ತಪ್ಪು ಶ್ರುತಿಯಲ್ಲಿ ಒಮ್ಮೆ ಮಿಡಿದು ಸುಮ್ಮನಾಗುತ್ತಿದ್ದವು. ಮಾಸ್ತರ ಎರಡನೆಯ ಸಲ ಸತ್ತ ಹಾಗೆ ಅವನಿಗೆ ಅನಿಸಿತು.

ಅವನು ಗಿಟಾರನ್ನು ಇಳಿಸಿಕೊಂಡು ಮತ್ತೆ ಬಡಿಗನ ಬಳಿಗೆ ಬಂದ. “ಕೊರೀರಿ. ನಾ ನೋಡಂಗಿಲ್ಲ. ಮಾರಿ ಆ ಕಡೆ ಮಾಡಿ ನಿಲ್ಲತೀನಿ” ಎಂದ. ಬೀದಿಯ ಕಡೆ ಮುಖ ತಿರುಗಿಸಿ ನಿಂತ.

ಬಡಿಗ ತಂತಿ ಬಿಚ್ಚಿದ. ಕುದುರೆಯನ್ನು ತೆಗೆದಿಟ್ಟ. ಮರದ ಎಳೆ ನೋಡಲು ಅಲ್ಲಿನ ಕಪ್ಪು ಬಣ್ಣವನ್ನು ಸ್ವಲ್ಪ ಕೆರೆದ. ಕೆರೆದವನ ಕೈ ನಿಂತಿತು. ಮತ್ತೊಂದು ಕಡೆ ಕೆರೆದ. ಅಂಚಿನಲ್ಲಿ ಕೆರೆದ. ಆಮೇಲೆ, “ಬಾ ಇಲ್ಲೆ” ಎಂದು ಕರೆದ.

ವಾದಕ ಬರಲಿಲ್ಲ.

“ಏ ಮಾರಾಯಾ, ಕೊರದಿಲ್ಲ ಇನ್ನೂ. ನಾ ಕೊರಿಯೂಕಿಂತ ಮೊದಲ ಯಾರೋ ಕೊರದಾರ. ಬಾ.”

ವಾದಕ ಬಂದು ನೋಡಿದ. ಬಣ್ಣದ ಕೆಳಗೆ ಮೈಯ ಮರ ಒಂದು ತರಹದ್ದಿತ್ತು, ಕಂಬಗಳ ಪಕ್ಕದ ಮರ ಇನ್ನೊಂದು ತರಹದ್ದಿತ್ತು. ಅಲ್ಲಿದ್ದ ಹಳೆಯ ತೂತುಗಳಿಗೆ ಯಾರೋ ಗೂಟ ಬಡಿದು ಮುಚ್ಚಿದ್ದರು. ಆ ಗೂಟಗಳ ಅಂಚನ್ನೇ ಕಚ್ಚಿಕೊಂಡು ಹೊಸ ತೂತು ಕೊರೆದು ಕಂಬ ನಿಲ್ಲಿಸಿದ್ದರು. ಬೆಲ್ಟು ಸಿಕ್ಕಿಸುವ ಗುಂಡಿ ಮೊದಲು ಇನ್ನೊಂದು ಬದಿಗಿದ್ದ ಗುರುತಿತ್ತು. ಎಡಗೈಯವನ ಬೆರಳು ಮೇಲಿನ ಸ್ವರಗಳ ಮನೆಗಳವರೆಗೆ ಹೋಗಲೆಂದು ಒಂದು ಕಡೆಯ ಅಂಚನ್ನು ಕೆತ್ತಿ ತೆಗೆದಿದ್ದರು.

“ಇದು ಎಡಗೈ ಗಿಟಾರ್ ಅಲ್ಲ” ಎಂದ ಬಡಿಗ. “ಬಲಗೈಯವರದು. ಕುದುರಿ ಒಂದೀಟು ಓರೆ ನಿಂತಿರತೈತಿ. ದಪ್ಪ ತಂತಿ, ಸಣ್ಣ ತಂತಿ ಅದಲುಬದಲು ಮಾಡಿದ್ರ ಆ ಓರೆನೂ ತಿರುಗಬೇಕು. ಅದಕ್ಕ ಹೊಸಾ ತೂತು. ನಿನ್ನ ಸಲುವಾಗಿ ಯಾರೋ ಇದನ್ನ ತಿರುವ್ಯಾರ. ಬಡಿಗ ಅಲ್ಲ ಅವ. ಉಳಿ ಹಿಡಿಯಾಕ ಬರತಿದ್ದಿಲ್ಲ ಅವಗ. ಇಲ್ನೋಡು, ಜಾರೇತಿ. ಇಲ್ಲೆ ಮತ್ತ ಜಾರೇತಿ. ಕೈ ಕೊಯ್ಕೊಂಡಿರಬೇಕು.”

ವಾದಕನಿಗೆ ನೆನಪಾಯಿತು. ಗಿಟಾರ್ ಕೊಟ್ಟ ದಿನ ಮಾಸ್ತರನ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು. ಏನಾಯಿತು ಎಂದು ಕೇಳಿದ್ದಕ್ಕೆ, ಬಾಗಿಲ ಸಂದಿಗೆ ಸಿಕ್ಕಿತು ಎಂದಿದ್ದ. ತನ್ನ ಗಿಟಾರನ್ನು ಕೊಟ್ಟುಬಿಟ್ಟೆ ಎಂದಿದ್ದ. ಯಾರಿಗೆ ಎಂದು ಹೇಳಿರಲಿಲ್ಲ. ತಿರುಗಿಸಿದ ಮೇಲೆ ಆ ಗಿಟಾರ್ ಅವನ ಕೈಗೆ ಬರುತ್ತಿರಲಿಲ್ಲ. ಅದಕ್ಕೇ ಸಾಯುವವರೆಗೂ ಬಾಯಲ್ಲಿ ಹಾಡಿ ಕಲಿಸಿದ.

ವಾದಕ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ. ಎಷ್ಟು ಅತ್ತನೆಂದರೆ ಆ ನೀರಿನಲ್ಲಿ ಓಣಿಯ ಎಮ್ಮೆಗಳು ಮೈ ತೊಳೆದುಕೊಂಡು ಹೋದವು. ನಂಬುವವರು ನಂಬಲಿ.

ಅತ್ತು ಮುಗಿದ ಮೇಲೆ, “ಆ ಗೂಟ ಮಾತ್ರ ತೆಗೀಬ್ಯಾಡ್ರಿ” ಎಂದ. “ನನ್ನ ಗುರು ತನ್ನ ಕೈಲೆ ಬಡದದ್ದು ಅದು.”

“ಮೊದಲ ಅದನ್ನ ತೆಗೀಬೇಕು” ಎಂದ ಬಡಿಗ. “ಮೆತ್ತನ ಕಟಗಿ ಹಾಕ್ಯಾನ. ಅದಕ್ಕ ಕಂಬ ವಾಲ್ಯಾವ. ಇಷ್ಟು ವರ್ಷ ನಿನ್ನ ಶ್ರುತಿ ಕೆಡಿಸಿದ್ದ ಅದು.”

ವಾದಕ ಗೂಟಕ್ಕೆ ಉಗುರು ಒತ್ತಿದ. ಉಗುರು ಒಳಗಿಳಿಯಿತು.

“ನಿಮ್ಮ ಮಾಸ್ತರ ತನಗ ಬರೂ ಅಷ್ಟು ಮಾಡ್ಯಾನ, ತಮ್ಮಾ. ಉಳಿದದ್ದನ್ನ ಯಾರ ಮಾಡಬೇಕು?”

ಈ ಸಲ ವಾದಕ ಬೀದಿಯ ಕಡೆ ತಿರುಗಲಿಲ್ಲ. ಗಿಟಾರನ್ನು ಮಣೆಯ ಮೇಲಿಟ್ಟು ತಾನೇ ಎರಡು ಕೈಯಿಂದ ಒತ್ತಿ ಹಿಡಿದ. ಬಡಿಗ ಮೆತ್ತನೆಯ ಗೂಟಗಳನ್ನು ಮುರಿಯದ ಹಾಗೆ ಮೆಲ್ಲಗೆ ಹೊರಗೆ ತೆಗೆದ. ಆ ಜಾಗಕ್ಕೆ ಬೀಟೆಯ ಗೂಟ ಬಡಿದು, ಅಂಟು ಒಣಗಿದ ಮೇಲೆ ಹೊಸ ತೂತು ಕೊರೆದ. ಮೈಯನ್ನು ಕೆತ್ತಿ ಸ್ಪ್ರಿಂಗುಗಳಿಗೆ ಗೂಡು ಮಾಡಿದ. ಹೊಸ ಕುದುರೆಯನ್ನು ಕೂಡಿಸಿದ. ತಂತಿಗಳು ಮುಂದಕ್ಕೆ ಜಗ್ಗಿದವು, ಸ್ಪ್ರಿಂಗುಗಳು ಹಿಂದಕ್ಕೆ ಜಗ್ಗಿದವು, ಕುದುರೆ ನಡುವೆ ನೆಟ್ಟಗೆ ನಿಂತಿತು. ಹಿಂದಿನ ಮುಚ್ಚಳ ಹಾಕುವ ಮೊದಲು ವಾದಕ ಆ ಹಳೆಯ ಗೂಟಗಳನ್ನು ಕಣ್ಣಿಗೊತ್ತಿಕೊಂಡು ಗೂಡಿನ ಮೂಲೆಯಲ್ಲಿ ಇಟ್ಟ. ಬಡಿಗ ಅವಕ್ಕೆ ಎರಡು ಹನಿ ಅಂಟು ಹಾಕಿದ. ಅದಕ್ಕೆ ರೊಕ್ಕ ಕೇಳಲಿಲ್ಲ.

ಆಮೇಲಿನ ಮದುವೆಯಲ್ಲಿ ಆ ಗಿಟಾರಿನ ಶ್ರುತಿ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ವಾಲಿದ್ದ ಪೆಂಡಾಲಿನ ಕಂಬಗಳು ನಾಚಿಕೊಂಡು ನೆಟ್ಟಗಾದವು. ಯಜಮಾನ ಬಂದು ಹೊಸ ಗಿಟಾರೇನೋ ಎಂದು ಕೇಳಿದ. ವಾದಕ, “ಅಲ್ರೀ, ನಮ್ಮ ಮಾಸ್ತರದ್ದು” ಎಂದ. ಅಲ್ಲಿಯವರೆಗೆ ಅವನು ಅದನ್ನು “ನನ್ನ ಗಿಟಾರ್” ಎನ್ನುತ್ತಿದ್ದ.

ಕತೆ ಮುಗಿಯಿತು. ನೀಲಗಂಗಾ ಅಂಗೈಗೆ ಸುತ್ತಿದ ಅರಿವೆಯನ್ನು ಬಿಚ್ಚಿದಳು. ಬೊಬ್ಬೆಗಳು ಒಡೆದಿದ್ದವು.

“ಈ ಉಳಿ ಹಿಡಿ ನನ್ನ ಕೈಗೆ ದಪ್ಪ ಆಗತೈತ್ರಿ ಅಜ್ಜಾರ” ಎಂದಳು. “ಕೆತ್ತಿ ಸಣ್ಣ ಮಾಡಬೇಕಂತೀನಿ. ನಿಮ್ಮ ಕೈಯಾಗಿನ ಹಿಡಿ, ಧೈರ್ಯ ಆಗವಲ್ದು.”

ನಾನು ಹೇಳಿದೆ: “ನಿನಗ ಕೊಡೂಕಿಂತ ಮೊದಲ ಅದು ಇನ್ನೂ ದಪ್ಪಿತ್ತು, ನೀಲವ್ವಾ, ನಾ ಕಣ್ಣಳತಿಗೆ ಕೆತ್ತಿ ಕೊಟ್ಟೇನಿ, ಉಳಿದದ್ದನ್ನ ನಿನ್ನ ಕೈಯಳತಿಗೆ ನೀ ಕೆತ್ತು.”