ಕೆಸರಿಗಿಂತ ಒಂದು ಮೊಳ ಮೇಲೆ

ಲೋಕ ಹೊಸದಾಗಿದ್ದ ಕಾಲ, ಪದ್ದು. ಕಡಲಿಗೆ ಉಪ್ಪು ಕೂಡ ಇನ್ನೂ ಸರಿಯಾಗಿ ಹತ್ತಿರಲಿಲ್ಲ. ಬೆಳಗಿನಿಂದ ಮೀನು ಆರಿಸಿ ನಿನ್ನ ಅಜ್ಜಿಯ ಸೊಂಟ ಹೋಗಿದೆ, ನಿಧಾನವಾಗಿಯೇ ಹೇಳುತ್ತೇನೆ.

ಆಗ ಲೋಳೆಮೀನುಗಳೆಲ್ಲ ನೀರಿನ ಮೇಲೆಯೇ ಇದ್ದವು, ಗಾಜಿನ ಹಾಗೆ ತಿಳಿಯಾಗಿ. ಅವುಗಳಲ್ಲಿ ಒಬ್ಬಳು ಲೋಳಕ್ಕ. ಅಲೆ ಅವಳನ್ನು ದಡಕ್ಕೆ ನೂಕುತ್ತಿತ್ತು, ಮತ್ತೆ ಎಳೆಯುತ್ತಿತ್ತು. ನೂಕುತ್ತಿತ್ತು, ಎಳೆಯುತ್ತಿತ್ತು. ತಡೆದು ನಿಲ್ಲಲು ಅವಳಿಗೆ ಒಂದು ಮೂಳೆಯೂ ಇಲ್ಲ.

“ಸಾಕು ಮಾರಾಯ, ನನ್ನನ್ನು ಬಿಡು,” ಎಂದಳು.

“ನನಗೇ ನಿಲ್ಲಲು ಬರುವುದಿಲ್ಲ,” ಎಂದಿತು ಅಲೆ. “ನೀನು ಕೆಳಗೆ ಹೋಗು. ತಳದವರೆಗೆ ನನ್ನ ಕೈ ಎಟುಕುವುದಿಲ್ಲ.”

ಲೋಳಕ್ಕ ಇಳಿದಳು. ನೀಲಿ ಮುಗಿಯಿತು, ಕತ್ತಲೆ ಬಂತು, ಚಳಿ ಬಂತು. ಇನ್ನೂ ಇಳಿದಳು. ಕೊನೆಗೆ ಕೆಂಪು ಕೆಸರಿನ ಮೇಲೆ ಮೈಚಾಚಿದಳು. ಅಬ್ಬಾ!

“ಏಳು ಮಗಳೇ,” ಎಂದಿತು ಕೆಸರು. “ಮಲಗಿದವರನ್ನು ನಾನು ಮುಚ್ಚಿಬಿಡುತ್ತೇನೆ. ಬೇಕೆಂದು ಅಲ್ಲ. ಮೇಲಿಂದ ಧೂಳು ಬೀಳುತ್ತಲೇ ಇರುತ್ತದೆ, ನಾನೇನು ಮಾಡಲಿ?”

“ಏಳಲಾರೆ,” ಎಂದಳು ಲೋಳಕ್ಕ.

“ನನಗೂ ಆಗುತ್ತಿಲ್ಲ ಅಕ್ಕಾ,” ಎಂದು ಪಕ್ಕದಿಂದ ಸಣ್ಣ ದನಿ. ಏಡಿಮರಿಯೊಂದು ಕಣ್ಣಿನವರೆಗೆ ಹೂತುಹೋಗಿತ್ತು.

ಇಲ್ಲಿಯೂ ಬಿಡುವಿಲ್ಲವಲ್ಲ, ಎಂದುಕೊಂಡಳು ಲೋಳಕ್ಕ. ಆದರೂ ಮರಿಯನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಕೊಡೆಯಂಥ ಮೈಯನ್ನು ಒಮ್ಮೆ ಮುಚ್ಚಿ ಬಿಚ್ಚಿದಳು. ಕೆಸರು ಕದಡಿತು. ಮರಿ ಅವಳ ಅಂಚು ಹಿಡಿದುಕೊಂಡಿತು. ಇಬ್ಬರೂ ಒಂದು ಮೊಳ ಮೇಲೆದ್ದರು. ಅದಕ್ಕಿಂತ ಮೇಲೆ ಹೋಗಲು ಅವಳಲ್ಲಿ ಕಸುವಿರಲಿಲ್ಲ.

ಕದಡಿದ ಕೆಸರಿನಿಂದ ಸಣ್ಣ ಹುಳುಗಳೆಲ್ಲ ಎದ್ದವು. ಹಸಿದಿದ್ದ ಅವಳು ತಿಂದಳು. ಅವುಗಳ ಜೊತೆ ಒಂದು ಮಿಣುಗುವ ಸಿಗಡಿಯೂ ಇತ್ತು. ಅದು ಒಳಗೆ ಹೋದದ್ದೇ ತಡ, ಗಾಜಿನಂಥ ಹೊಟ್ಟೆ ದೀಪದ ಹಾಗೆ ಬೆಳಗಿತು! ದೂರದಲ್ಲಿದ್ದ ದೊಡ್ಡ ಮೀನೊಂದು ಇತ್ತ ತಿರುಗಿತು.

“ಅಕ್ಕಾ, ಬಂತು! ದೀಪ ಆರಿಸು!” ಮರಿ ಅವಳ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿಯಿತು.

ಓಡುವುದು ಲೋಳಕ್ಕನಿಂದ ಆಗದು. ಬಾಗಿ, ಕೆಂಪು ಕೆಸರನ್ನೇ ಬಾಯ್ತುಂಬ ನುಂಗಿದಳು. ಅದು ಹೊಟ್ಟೆಯೊಳಗೆಲ್ಲ ಮೆತ್ತಿಕೊಂಡಿತು, ಬೆಳಕು ಮರೆಯಾಯಿತು. ದೊಡ್ಡ ಮೀನು ಪಕ್ಕದಲ್ಲೇ ಹಾದುಹೋಯಿತು.



“ಇನ್ನು ಇಳಿಯಲಾ ಅಕ್ಕಾ?” ಎಂದಿತು ಮರಿ.

“ಇರು. ಇಳಿದರೆ ಮತ್ತೆ ನಾನೇ ಎತ್ತಬೇಕು.”

ಅಂದಿನಿಂದ ಆಳದ ಲೋಳೆಮೀನು ತಳದಲ್ಲಿ ಕೂರುವುದೂ ಇಲ್ಲ, ಮೇಲಕ್ಕೆ ಬರುವುದೂ ಇಲ್ಲ. ಒಮ್ಮೆ ಕೊಡೆ ಬಿಚ್ಚುತ್ತದೆ, ಸ್ವಲ್ಪ ಸುಮ್ಮನಿರುತ್ತದೆ, ಮತ್ತೆ ಬಿಚ್ಚುತ್ತದೆ.

ಅದಕ್ಕೇ ಪದ್ದು, ಇವತ್ತು ನಿನ್ನ ಮಾವನ ಬೋಟಿನ ಆಳದ ಬಲೆಯಲ್ಲಿ ಬಂದ ಈ ಲೋಳೆಮೀನಿನ ಹೊಟ್ಟೆ ಕಡುಗೆಂಪು. ಅಂಚಿನಲ್ಲಿ ನೋಡು, ಏಡಿಮರಿ ಇನ್ನೂ ಹಿಡಿದುಕೊಂಡೇ ಇದೆ.